ಹೆಸರು ಕೇಳಲು ಹೋದದ್ದು

ನೂಮೆಯಾದ ಮೀನುಪೇಟೆಯಲ್ಲಿ ಬೆಳಗಿನ ಐದಕ್ಕೆ
ಎಲ್ಲರೂ ಮೀನು ಕೊಳ್ಳುತ್ತಾರೆ,
ನಾನು ಕರುಳು ಕೇಳುತ್ತೇನೆ.
'ಮನೇಲಿ ಬೆಕ್ಕು ಎಷ್ಟಾದವೇ ಓರ್ತಾನ್ಸ್?'
ಹನ್ನೊಂದು ವರ್ಷದಿಂದ ಮಾರುವವಳದು ಅದೇ ಮಾತು, ಅದೇ ನಗು,
ನನ್ನದು ಅದೇ ನೀಲಿ ಬಕೆಟ್ಟು.

ಮುರುಮೀನಿನ ಕರುಳನ್ನು ಉದ್ದಕ್ಕೆ ಸೀಳಿ
ಜಾಡಿಯ ಉಪ್ಪುನೀರಿಗೆ ಬಿಟ್ಟು
ಮುಚ್ಚಳ ಒತ್ತಿ ಕುಲುಕಬೇಕು.
ಆಮೇಲೆ ಸುಮ್ಮನಿರಬೇಕು.
ಮೇಲಿನ ರಾಡಿ ಬಸಿದು ಮತ್ತೆ ನೀರು,
ಅಕ್ಕಿ ತೊಳೆದ ಹಾಗೆಯೇ,
ಮೂರನೆಯ ಸಲಕ್ಕೆ ತಿಳಿಯಾಗುತ್ತದೆ.
ತಳದಲ್ಲಿ ಉಳಿದದ್ದು ನಮ್ಮ ಪಾಲು:
ಏಡಿಯ ಒಂದು ಕಾಲು, ಚಿಪ್ಪಿನ ಚೂರು,
ಮತ್ತೆ, ಮೀನು ಸತ್ತ ಸುದ್ದಿ ಇನ್ನೂ ಮುಟ್ಟದ
ನಾಲ್ಕೈದು ಬಿಳಿ ದಾರ.

ಜಂತು. ಕರಿ ಹಂಚಿನ ಮೇಲಿಟ್ಟರೆ
ಯಾರೋ ಬರೆಯಲು ಹೊರಟು ಬಿಟ್ಟ ಅಕ್ಷರ.
ಬಿಸಿನೀರು ಸೋಕಿದರೆ ನೆಟ್ಟಗಾಗಿ ಸಾಯುತ್ತದೆ.
ಮಸೂರದಡಿಯಲ್ಲಿ ತಲೆ ನೋಡಿ,
ಕೂಸಿಗೆ ಕುಲಾವಿ ಕಟ್ಟಿದಂತೆ.

'ಇದು ಯಾವ ಪಟ್ಟಿಯಲ್ಲೂ ಇಲ್ಲ' ಅಂದ ಗ್ವೆನೊಲೆ,
ಎರಡು ರಾತ್ರಿ ನಿದ್ದೆ ಬಿಟ್ಟವನು.
'ಇದಕ್ಕೆ ನಿನ್ನ ಹೆಸರಿಡುತ್ತೇನೆ.
ಓರ್ತಾನ್ಸ್ ಅಲ್ಲ, ಇನ್ನೊಂದು,
ನಿಮ್ಮ ದ್ವೀಪದ್ದು.'

ಅದು ನನ್ನದೆಂದು ಯಾರು ಹೇಳಿದರು?
ಅಜ್ಜಿಯ ಅಕ್ಕ ಇದ್ದಳು ಅದರಲ್ಲಿ, ಅವಳಿಗೂ ಹಿಂದೆ ಇನ್ನೊಬ್ಬಳು.
ನಾನು ಸದ್ಯಕ್ಕೆ ಬಾಡಿಗೆಗಿದ್ದೇನೆ.
ಹುಟ್ಟಿದ ದಿನ ಕಿವಿಯಲ್ಲಿ ಉಸಿರೂದಿದವನು ಸೋದರಮಾವ.
ಉಸಿರು ಅವನದು, ಹೆಸರೂ ಅವನನ್ನೇ ಕೇಳಬೇಕು.

ಎರಡು ಗಜ ಹೂಬಟ್ಟೆ, ತಂಬಾಕು,
ಸಾವಿರ ಫ್ರಾಂಕಿನ ಒಂದು ನೋಟು, ಒಂದು ಹೆಗ್ಗೆಣಸು.
ಲಿಫೂ ಹಡಗಿನಲ್ಲಿ ಗ್ವೆನೊಲೆಗೆ
ಕರುಳು ಬಾಯಿಗೆ ಬರುವಷ್ಟು ವಾಂತಿ.
ಪಕ್ಕದ ಮುದುಕಿ ನಿಂಬೆಸಿಪ್ಪೆ ಕೊಟ್ಟಳು.
ಜೇಬಿನ ಸೀಸೆಯನ್ನು ಅವನು ಬಿಟ್ಟಿರಲಿಲ್ಲ.

ನೆಹೆಮಿ ಮಾವ ಬಟ್ಟೆ ಮುಟ್ಟಿದ. ಅಂದರೆ ಕೇಳಬಹುದು.
ಸೀಸೆಯನ್ನು ಬಿಸಿಲಿಗೆ ಹಿಡಿದ.
'ಇದೇನಾ?'
'ಇದೇ.'
'ತನ್ನ ಮನೆಯನ್ನು ಕೊಲ್ಲುತ್ತದೆಯೋ?'
'ಇಲ್ಲ.'
'ಏನು ತಿನ್ನುತ್ತದೆ?'
'ಮನೆಯವನ ಪಾಲಿನಲ್ಲಿ ಸ್ವಲ್ಪ.'
'ಮನೆಯವನಿಗೆ ಗೊತ್ತೋ?'
'ಗೊತ್ತಿರಲಾರದು.'
ಮಾವ ಹೊಗೆಸೊಪ್ಪು ಸುತ್ತುತ್ತ, ತಲೆಯೆತ್ತದೆ,
'ನೀನು ಈ ನೆಲಕ್ಕೆ ಬಂದು ಎಷ್ಟು ವರ್ಷವಾಯಿತು?'
'ಹದಿನಾಲ್ಕು,' ಅಂದ ಗ್ವೆನೊಲೆ. ಆಮೇಲೆ ಕಿವಿ ಕೆಂಪಾಯಿತು.
ಅಡಿಗೆಮನೆಯಲ್ಲಿ ಅತ್ತೆ ಕೆಮ್ಮಿದಳು,
ಅದು ಕೆಮ್ಮಲ್ಲ.

ಕೋಳಿ ಎರಡು ಸಲ ಅಂಗಳ ದಾಟಿತು.
'ಜಂತು ಅಂತ ಬೇಡ ಅನ್ನುತ್ತಿಲ್ಲ' ಅಂದ ಮಾವ.
'ನಾವೂ ಒಬ್ಬರ ಹೊಟ್ಟೆಯಲ್ಲಿ ಇದ್ದು ಬಂದವರೇ.
ಆದರೆ ಇವಳ ಹೆಸರಿಗೆ ಸರತಿಯಿದೆ,
ಇವಳ ತಂಗಿಯ ಮಗಳು ಬಸುರಿ.
ಒಂದೇ ಚಾಪೆಯಲ್ಲಿ ಎಷ್ಟು ಜನ ಮಲಗುವುದು?
ಮೀನು ಎಲ್ಲಿ ಸಿಕ್ಕಿತು?'
ನೂಮೆಯಾದ ದಕ್ಷಿಣಕ್ಕೆ, ಹವಳದ ಗೋಡೆಯ ಕಿಂಡಿಯಲ್ಲಿ.
'ಆ ನೀರಿಗೆ ಬೇರೆ ಯಜಮಾನರಿದ್ದಾರೆ.
ಅಲ್ಲಿಗೆ ಹೋಗಿ, ಕಿಂಡಿಯ ಹೆಸರು ಕೇಳಿ.
ಇನ್ನೊಂದು ಬಟ್ಟೆ ಒಯ್ಯಿರಿ.'

ಗೆಣಸು ಬೇಯಿಸಿ ನಮಗೇ ಬಡಿಸಿದರು.
ಮೀನೂ ಇತ್ತು. ಗ್ವೆನೊಲೆ ತಟ್ಟೆಯನ್ನು
ಅಭ್ಯಾಸಬಲದಿಂದ ಬೆಳಕಿಗೆ ಓರೆ ಮಾಡಿ ನೋಡಿದ.
ಈ ಸಲ ಅತ್ತೆ ಮುಚ್ಚಿಡದೆ ನಕ್ಕಳು.

ಸೋಮವಾರ, ಮತ್ತೆ ಜಾಡಿ, ಮತ್ತೆ ಮೂರು ನೀರು.
ಸೀಸೆಯೊಳಗೆ ಹಾಕುವ ಚೀಟಿಗೆ
ಪೆನ್ಸಿಲ್ಲೇ ಆಗಬೇಕು, ಶಾಯಿ ಕರಗುತ್ತದೆ.
ಸಂಖ್ಯೆ ಆರುನೂರ ಹದಿನೆಂಟು.
ಹೆಣ್ಣು. ಒಳಗೆ ಮೊಟ್ಟೆಗಳಿವೆ.
ಸಿಕ್ಕಿದ್ದು ಕರುಳಿನ ಮೊದಲ ಮಡಿಕೆಯಲ್ಲಿ.
ಹೆಸರು:
ಕೇಳುತ್ತಿದ್ದೇವೆ.